ಹಾಸ್ಟೆಲ್ ಅಂದ್ರೆ ಬರೀ ಅನ್ನ ಅಲ್ಲ, ಅದು ನಮ್ಮ ಚರಿತ್ರೆ



ಎರಡು ಇಸವಿ ನೆನಪಲ್ಲಿಟ್ಟುಕೊಂಡು ಇದನ್ನ ಓದಿ: 1856 ಮತ್ತು 1857.

1857ರಲ್ಲಿ ಇಂಗ್ಲೆಂಡಿನಲ್ಲಿ ಥಾಮಸ್ ಹ್ಯೂಸ್ ಅನ್ನೋರು 'ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್' ಕಾದಂಬರಿ ಬರೆದರು. ರಗ್ಬಿಯ ಬೋರ್ಡಿಂಗ್ ಶಾಲೆಯಲ್ಲಿ ಒಬ್ಬ ಹುಡುಗ ಬೆಳೆಯೋ ಕಥೆ. ಬೋರ್ಡಿಂಗ್ ಸ್ಕೂಲ್ ಕಥೆಗಳ ದೊಡ್ಡ ಪರಂಪರೆಗೆ ಅದು ದಾರಿ ಮಾಡಿತು, ಹ್ಯಾರಿ ಪಾಟರ್ ಕೂಡ ಅದೇ ದಾರಿಯಲ್ಲಿ ಬಂದವನು.

ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು, 1856ರ ಜೂನ್ ತಿಂಗಳಲ್ಲಿ, ನಮ್ಮ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಪ್ರವೇಶ ಕೇಳಿದ. ಕೊಡಲಿಲ್ಲ. ಬಾಂಬೆ ಸರ್ಕಾರಕ್ಕೆ ಅರ್ಜಿ ಹೋಯಿತು. ನ್ಯಾಯ ಹುಡುಗನ ಕಡೆಗಿದೆ ಅಂತ ಸರ್ಕಾರವೇ ಒಪ್ಪಿಕೊಂಡಿತು. ಆದರೆ ಒಬ್ಬನಿಗೋಸ್ಕರ ಮಿಕ್ಕವರ ಮನಸ್ಸು ನೋಯಿಸೋಕಾಗಲ್ಲ ಅಂತ ಕೈ ತೊಳೆದುಕೊಂಡಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆ ಎಲ್ಲಾ ವರ್ಗದವರಿಗೂ ತೆರೆದಿರಬೇಕು ಅಂತ ಬರೆದರು. ಬರೆದದ್ದು ಕಾಗದದಲ್ಲಿ ಉಳೀತು. ಆ ಹುಡುಗನ ಹೆಸರೂ ಚರಿತ್ರೆಯ ಪುಸ್ತಕಗಳಲ್ಲಿ ಕಾಣಲ್ಲ. ಟಾಮ್ ಬ್ರೌನ್ ಕಾಲ್ಪನಿಕ ಹುಡುಗ, ಅವನ ಹೆಸರು ಜಗತ್ತಿಗೆಲ್ಲ ಗೊತ್ತು.

ಇದನ್ನ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ಭದ್ರಾವತಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದೋ ಒಬ್ಬ ಹುಡುಗಿ ಎನಿಡ್ ಬ್ಲೈಟನ್ ಅವರ 'ಮ್ಯಾಲೊರಿ ಟವರ್ಸ್' ಓದಿ, ನಾಲ್ಕು ಪುಟ ಬರೆದು ನನಗೆ ಕೊಟ್ಟಳು. 1946ರಲ್ಲಿ ಶುರುವಾದ ಪುಸ್ತಕಮಾಲೆ ಅದು. ಸಮುದ್ರದ ದಡದಲ್ಲಿರೋ ಹುಡುಗಿಯರ ಬೋರ್ಡಿಂಗ್ ಶಾಲೆಯ ಕಥೆ. ಅವಳ ಒಪ್ಪಿಗೆ ತಗೊಂಡು, ಹೆಸರು ಹೇಳದೆ, ಕೆಲವು ಮಾತು ಹಾಕ್ತೀನಿ.

"ಅಣ್ಣಾ, ಪುಸ್ತಕ ತುಂಬಾ ಇಷ್ಟ ಆಯ್ತು. ಆದ್ರೆ ಅಲ್ಲಿ ಮಧ್ಯರಾತ್ರಿ ಕದ್ದು ತಿನ್ನೋದು ಆಟ. ನಮ್ಮಲ್ಲಿ ಲೇಟಾಗಿ ಬಂದ್ರೆ ಸಾರು ಖಾಲಿ."

"ಅವರ ಅಪ್ಪ ಅಮ್ಮ ಕಾರಲ್ಲಿ ನೋಡೋಕೆ ಬರ್ತಾರೆ. ನಮ್ಮಮ್ಮ ಬಂದ್ರೆ ಒಂದಿನದ ಕೂಲಿ ಹೋಗುತ್ತೆ. ಅದಕ್ಕೆ ನಾನೇ ಬರಬೇಡ ಅಂತೀನಿ."

"ಅಲ್ಲಿ ಹೊಸಬಳು ಬಂದ್ರೆ ಹೆಸರು ಕೇಳ್ತಾರೆ. ನಮ್ಮ ಕಾಲೇಜಲ್ಲಿ ಹೆಸರು ಕೇಳಿ, ಊರು ಕೇಳಿ, ಆಮೇಲೆ 'ಯಾವ ಹಾಸ್ಟೆಲ್?' ಅಂತಾರೆ. ಅವರು ಕೇಳೋದು ಹಾಸ್ಟೆಲ್ ಅಲ್ಲ, ಜಾತಿ."

ಕೊನೆಗೆ ಒಂದು ಪ್ರಶ್ನೆ: "ನಮ್ಮ ಹಾಸ್ಟೆಲ್ ಬಗ್ಗೆ ಯಾರೂ ಕಥೆ ಬರೆದಿಲ್ವಾ?"

ಬರೆದಿದ್ದಾರೆ ಕಣಮ್ಮಾ. ಆದ್ರೆ ಅದಕ್ಕೂ ಮೊದಲು ಹಾಸ್ಟೆಲನ್ನೇ ಕಟ್ಟಬೇಕಾಗಿತ್ತು.

ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೆ ವಿದ್ಯಾರ್ಥಿನಿಲಯ ಮಾಡಿಸಿದರು. ಬಾಬಾಸಾಹೇಬರು ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಕೈ ಹಾಕಿದ ಮೊದಲ ಕೆಲಸಗಳಲ್ಲಿ ಒಂದು ಸೊಲ್ಲಾಪುರದ ಹಾಸ್ಟೆಲ್, 1925ರಲ್ಲಿ. ಆಮೇಲೆ 1929ರಲ್ಲಿ ಧಾರವಾಡದಲ್ಲೂ ಹಾಸ್ಟೆಲ್ ಬಂತು. ಲೆಕ್ಕ ಹಾಕಿ. ಒಬ್ಬ ಹುಡುಗನನ್ನ ಶಾಲೆ ಬಾಗಿಲಿಂದ ವಾಪಸ್ ಕಳಿಸಿದ ಅದೇ ಊರಲ್ಲಿ, 73 ವರ್ಷದ ನಂತರ, ನಮ್ಮ ಮಕ್ಕಳು ಮಲಗಿ ಎದ್ದು ಓದೋಕೆ ಒಂದು ಸೂರು.

ಬಾಬಾಸಾಹೇಬರು ಹಾಸ್ಟೆಲಿಗೆ ಯಾಕೆ ಅಷ್ಟು ಒತ್ತು ಕೊಟ್ಟರು? ಶಾಲೆ ಬಾಗಿಲು ತೆಗೆದ್ರೆ ಸಾಲದು. ಪೇಟೆಯಲ್ಲಿ ನಮಗೆ ಬಾಡಿಗೆಗೆ ಮನೆ ಕೊಡೋರಿಲ್ಲ. ಮನೆಯಲ್ಲಿ ದೀಪ ಇಲ್ಲ. ಸುಗ್ಗಿ ಬಂದ್ರೆ ಮಗು ಗದ್ದೆಗೆ ಹೋಗಬೇಕು.

ಈಗ ನಮ್ಮ ಜಿಲ್ಲೆಗೆ ಬನ್ನಿ. ಭದ್ರಾವತಿ ಅಂದ್ರೆ ಕಬ್ಬಿಣದ ಕಾರ್ಖಾನೆ, ಪೇಪರ್ ಮಿಲ್. ಅದೇ ಊರಿನ ಕಾಲೇಜಿನಲ್ಲಿ ಹರಿಹರದ ಪ್ರೊ. ಬಿ. ಕೃಷ್ಣಪ್ಪ ಕನ್ನಡ ಮೇಷ್ಟ್ರು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ 'ಬೂಸಾ' ಮಾತಿಗೆ ರಾಜ್ಯವೇ ಹೊತ್ತಿ ಉರಿದಾಗ ಏಟು ತಿಂದೋರು ದಲಿತ ವಿದ್ಯಾರ್ಥಿಗಳು. ಆ ಏಟಿನಿಂದ ಎದ್ದದ್ದು ದಲಿತ ಸಂಘರ್ಷ ಸಮಿತಿ. ಕೃಷ್ಣಪ್ಪನವರು ಅದನ್ನ ಭದ್ರಾವತಿಯಿಂದಲೇ ಕಟ್ಟಿ ಬೆಳೆಸಿದರು. ಹಾಸ್ಟೆಲ್ ಹುಡುಗರೇ ಅದರ ಕಾಲಾಳುಗಳು. ಪೋಸ್ಟರ್ ಬರೆದೋರು, ಹಾಡು ಕಲಿತು ಕೇರಿ ಕೇರಿಗೆ ಒಯ್ದೋರು ಅವರು.

ಆ ಸಂಘಟನೆ ಕೂಗಿದ ಘೋಷಣೆ ನೆನಪಿದೆಯಾ? 'ಹೆಂಡ ಬೇಡ, ವಸತಿ ಶಾಲೆ ಬೇಕು.'

ನೋಡಿ, ಇಂಗ್ಲಿಷ್ ಕಾದಂಬರಿಗಳಲ್ಲಿ ಬೋರ್ಡಿಂಗ್ ಸ್ಕೂಲ್ ಅಪ್ಪನ ದುಡ್ಡಿನಿಂದ ಸಿಗುತ್ತೆ. ನಮಗದು ಬೀದಿಗಿಳಿದು ಕೇಳಿದ್ದರಿಂದ ಸಿಕ್ಕಿದ್ದು. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಂದವಲ್ಲ, ಅದರ ಹಿಂದೆ ಈ ಕೂಗೂ ಇದೆ. ಯಾರೋ ಕರುಣೆಯಿಂದ ಕೊಟ್ಟ ಭಿಕ್ಷೆ ಅಂತ ಯಾರಾದ್ರೂ ಅಂದ್ರೆ ನಂಬಬೇಡಿ.

ಇನ್ನು ಕಥೆಗೆ ಬಂದ್ರೆ, ಸಿದ್ಧಲಿಂಗಯ್ಯನವರ 'ಊರುಕೇರಿ' ಇದೆ, ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಇದೆ. ಹಾಸ್ಟೆಲಿನ ಹಸಿವು, ನಗು, ಜಗಳ, ಓದು ನಮ್ಮ ಆತ್ಮಕಥೆಗಳಲ್ಲೇ ಇದೆ. ಆದ್ರೆ ಇವೆರಡೂ ಗಂಡಸರು ಬರೆದದ್ದು. ತಿಂಗಳ ಮುಟ್ಟಿನ ದಿನ ನೀರಿಲ್ಲದ ಬಚ್ಚಲು, ರಾತ್ರಿ ಹೊರಗೆ ಕಾಯೋ ಪುಂಡರು, 'ಓದಿದ್ದು ಸಾಕು, ಮದುವೆ ಮಾಡೋಣ' ಅಂತ ಮನೆಯಿಂದ ಬರೋ ಫೋನು, ಇದನ್ನೆಲ್ಲ ನಮ್ಮ ಹೆಣ್ಣುಮಕ್ಕಳೇ ಬರೀಬೇಕು.

ಒಂದು ಎಚ್ಚರವೂ ಬೇಕು. ಅಮೆರಿಕದಲ್ಲಿ 1879ರಲ್ಲಿ ಕಾರ್ಲೈಲ್ ಅನ್ನೋ ಕಡೆ ಮೂಲನಿವಾಸಿ ಮಕ್ಕಳಿಗೆ ಬೋರ್ಡಿಂಗ್ ಶಾಲೆ ಮಾಡಿದರು. ಕೂದಲು ಕತ್ತರಿಸಿ, ಹೆಸರು ಬದಲಿಸಿ, ತಾಯಿನುಡಿ ಆಡದ ಹಾಗೆ ಮಾಡಿದರು. ಅದೂ ವಸತಿ ಶಾಲೆಯೇ. ನಮ್ಮ ಮಕ್ಕಳು ಇಂಗ್ಲಿಷ್ ಕಲೀಲಿ, ವಿಜ್ಞಾನ ಕಲೀಲಿ. ಆದ್ರೆ ಕೇರಿಗೆ ವಾಪಸ್ ಬಂದಾಗ ಅವ್ವನ ಮಾತಿಗೆ, ಅಪ್ಪನ ಕಸುಬಿಗೆ ನಾಚೋ ಹಾಗೆ ಮಾಡೋ ಶಾಲೆ ನಮಗೆ ಬೇಡ.

ಶಿವಮೊಗ್ಗ, ಭದ್ರಾವತಿಯ ಹಾಸ್ಟೆಲುಗಳಲ್ಲಿ ಓದಿ ಇವತ್ತು ಮೇಷ್ಟ್ರು, ನರ್ಸು, ವಕೀಲರು, ಕ್ಲರ್ಕು ಆಗಿರೋ ಅಕ್ಕಂದಿರೇ, ಅಣ್ಣಂದಿರೇ, ಎರಡು ಕೆಲಸ ಮಾಡಿ. ನೀವು ಓದಿದ ಹಾಸ್ಟೆಲಿಗೆ ಒಂದು ಸಲ ಹೋಗಿ, ಅಲ್ಲಿ ಪುಸ್ತಕದ ಕಪಾಟು ಇದೆಯಾ, ಅದರ ಬೀಗದ ಕೈ ಯಾರ ಹತ್ರ ಇದೆ ಕೇಳಿ. ಮ್ಯಾಲೊರಿ ಟವರ್ಸೂ ಇರಲಿ, ಊರುಕೇರಿಯೂ ಇರಲಿ. ಎರಡನೇದು, ನಿಮ್ಮ ಹಾಸ್ಟೆಲ್ ದಿನಗಳನ್ನ ಒಂದು ಪುಟವಾದ್ರೂ ಬರೀರಿ. ಧಾರವಾಡದ ಆ ಹುಡುಗನ ಹೆಸರು ಕಳೆದುಹೋಯ್ತು. ನಿಮ್ಮದು ಹೋಗೋದು ಬೇಡ.

ಜೈಭೀಮ್.