ಡುಂಗರಿಯ ಊರಿನಲ್ಲಿ ಜೀನ್ಸಿನ ಅಳತೆ

ಕೆಲವು ವಾರಗಳ ಹಿಂದೆ ಒಂದು ಭಾನುವಾರ ನನ್ನ ತಮ್ಮನ ಮಗಳು ಜೀನ್ಸ್ ಪ್ಯಾಂಟು ಕೊಳ್ಳಲು ಕದ್ವಾಡದಿಂದ ಕಾರವಾರದ ಪೇಟೆಗೆ ಹೊರಟಳು. ಸಂತೆಯ ದಿನ, ನನಗೂ ಕೆಲಸವಿದ್ದುದರಿಂದ ಜೊತೆಗೆ ಹೋದೆ. ಅಂಗಡಿಯಲ್ಲಿ ಏಳು ಪ್ಯಾಂಟುಗಳನ್ನು ಹಾಕಿ ನೋಡಿದಳು. ತೊಡೆಗೆ ಸರಿಯಾದುದು ಸೊಂಟದ ಹಿಂಬದಿಯಲ್ಲಿ ಬಾಯಿ ಬಿಡುತ್ತಿತ್ತು. ಸೊಂಟಕ್ಕೆ ಸರಿಯಾಗಬಹುದಾದುದು ತೊಡೆಯಿಂದ ಮೇಲೇರಲೊಲ್ಲದು. ಎಂಟನೆಯದನ್ನು ಕೇಳದೆ ಹೊರಗೆ ಬಂದು, "ನನ್ನ ಮೈಯೇ ಸರಿಯಿಲ್ಲ ದೊಡ್ಡಪ್ಪಾ" ಎಂದಳು.

ಈ ಮಾತು ಅವಳೊಬ್ಬಳದಲ್ಲ. ಮೂವತ್ತು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವನಾದ್ದರಿಂದ ಬಲ್ಲೆ. ಅಂದು ಅವಳಿಗೆ ಕೊಡಲಾಗದ ಉತ್ತರವನ್ನು ಇಲ್ಲಿ ಓದುಗರ ಮುಂದಿಡುತ್ತೇನೆ. ಸಂಧಿಸಮಾಸ ಹೇಳುವ ಪಂಡಿತನಿಗೆ ಪ್ಯಾಂಟಿನ ಉಸಾಬರಿ ಏಕೆ ಎನ್ನಬೇಡಿ. ಈ ಬಟ್ಟೆಯ ಚರಿತ್ರೆಯಲ್ಲಿ ನಮ್ಮ ಊರಿನ ಪಾಲೂ ಉಂಟು.

ಈಗಿನ ಕಾರವಾರ ಪಟ್ಟಣ ಹತ್ತೊಂಬತ್ತನೆಯ ಶತಮಾನದ್ದು. ಹಳೆಯ ಕಾರವಾರವು ಅದಕ್ಕೆ ಸುಮಾರು ಮೂರು ಮೈಲಿ ಪೂರ್ವದಲ್ಲಿ, ಕಾಳಿನದಿಯ ದಂಡೆಯ ಮೇಲೆ, ನಮ್ಮ ಕದ್ವಾಡದ ಆಸುಪಾಸಿನಲ್ಲಿ ಇದ್ದಿತು. 1638ರಲ್ಲಿ ಕೋರ್ಟೀನನ ಹೆಸರಿನ ಇಂಗ್ಲಿಷ್ ವ್ಯಾಪಾರಿ ಸಂಘವು ಇಲ್ಲಿ ಕೋಠಿ ಹೂಡಿತು. 1660ರ ಹೊತ್ತಿಗೆ ಆ ಕೋಠಿ ಚೆನ್ನಾಗಿ ನಡೆಯುತ್ತಿತ್ತು. ಪಶ್ಚಿಮ ಭಾರತದ ಅತಿ ನಯವಾದ ಮಸ್ಲಿನ್ ಬಟ್ಟೆ ಇಲ್ಲಿಂದ ಹಡಗೇರುತ್ತಿತ್ತು. ಅದನ್ನು ನೇಯುತ್ತಿದ್ದವರು ಘಟ್ಟದ ಮೇಲಿನ ಹುಬ್ಬಳ್ಳಿ ಮೊದಲಾದ ಕಡೆಯ 50,000ದಷ್ಟು ನೇಕಾರರೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ಮೆಣಸು ಏಲಕ್ಕಿಗಳ ಜೊತೆಗೆ ಇನ್ನೊಂದು ಸರಕನ್ನೂ ಅದು ಹೆಸರಿಸುತ್ತದೆ: ಡುಂಗರಿ ಎಂಬ ದಪ್ಪನೆಯ ನೀಲಿ ಹತ್ತಿಬಟ್ಟೆ.

ಮುಂಬಯಿಯ ಡೋಂಗ್ರಿಯಿಂದ ಈ ಹೆಸರು ಬಂದಿತೆನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ಡಂಗರೀ ಆಗಿ, ಹಡಗಿನ ಆಳುಗಳ ಕೆಲಸದ ಉಡುಪಾಗಿ, ಈಗ ಎದೆಪಟ್ಟಿಯ ಪ್ಯಾಂಟಿನ ಹೆಸರಾಗಿ ನಮ್ಮ ಅಂಗಡಿಗೇ ಮರಳಿದೆ. ಜೀನ್ ಎಂಬುದು ಇಟಲಿಯ ಜಿನೋವಾ ಬಂದರಿನ ಹೆಸರು; ಡೆನಿಮ್ ಎಂದರೆ ಫ್ರಾನ್ಸಿನ ನೀಮ್ ಊರಿನದು. ಡುಂಗರಿಯೇ ಡೆನಿಮ್ ಎಂದು ನಾನು ವಾದಿಸುತ್ತಿಲ್ಲ. ಡೆನಿಮಿನ ನೇಯ್ಗೆ ಓರೆಗೆರೆಯದು, ಹಾಸು ನೀಲಿ, ಹೊಕ್ಕು ಬಿಳಿ. ಆದರೆ ಬಳಗ ಒಂದೇ, ದುಡಿಯುವವರ ಗಟ್ಟಿಬಟ್ಟೆಗಳ ಬಳಗ. ಬಣ್ಣದ ಹೆಸರಂತೂ ನಮ್ಮದೇ: ಇಂಡಿಗೊ ಎಂದರೆ ಇಂಡಿಯದ್ದು ಎಂದರ್ಥ.

ಅಮೆರಿಕದಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೀವೈ ಸ್ಟ್ರಾಸ್ ಎಂಬ ಬಟ್ಟೆ ವ್ಯಾಪಾರಿಯೂ ಕೂಡಿ, ಪ್ಯಾಂಟಿನ ಜೇಬಿನ ಮೂಲೆಗಳಿಗೆ ತಾಮ್ರದ ರಿವೆಟ್ ಬಡಿಯುವ ಉಪಾಯಕ್ಕೆ 1873ರ ಮೇ 20ರಂದು ಹಕ್ಕುಪತ್ರ ಪಡೆದರು. ಅದು ದುಡಿಯುವ ಗಂಡಸರ ಉಡುಪು. ಅದೇ ಕಂಪನಿ ಹೆಂಗಸರಿಗೆಂದೇ ಜೀನ್ಸನ್ನು ಹೊರತಂದದ್ದು 1934ರಲ್ಲಿ, ಅರುವತ್ತೊಂದು ವರ್ಷಗಳ ಮೇಲೆ. ಗಂಡಸಿನ ಮೈಗೆ ಹುಟ್ಟಿದ ಕತ್ತರಿಕೆ ಹೆಣ್ಣಿನ ಮೈಗೆ ತಡವಾಗಿ ಬಂದಿತೆಂಬುದನ್ನು ನೆನಪಿನಲ್ಲಿಡಬೇಕು.

ನಮ್ಮಲ್ಲಿ ಹೊಲಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನಿದ್ದ. ಕುಪ್ಪಸವೆಂಬ ಮಾತೇ ಸಂಸ್ಕೃತದ ಕೂರ್ಪಾಸದಿಂದ ಬಂದದ್ದು. ಆದರೆ ಹೊಲಿಯುವವನು ಮೈಯನ್ನು ಅಳೆದು ಆಮೇಲೆ ಕತ್ತರಿ ಹಿಡಿಯುತ್ತಿದ್ದ. ಸೀರೆಗೆ ಅಷ್ಟೂ ಬೇಡ. ಅಂಕೋಲೆಯ ಹಾಲಕ್ಕಿ ಒಕ್ಕಲಗಿತ್ತಿಯರು ಕುಪ್ಪಸವಿಲ್ಲದೆ, ಸೀರೆಯನ್ನೇ ಹೆಗಲ ಮೇಲೆ ಗಂಟಿಕ್ಕಿ, ಕೊರಳ ತುಂಬ ಮಣಿಸರ ಧರಿಸುವುದನ್ನು ತಾವು ಬಲ್ಲಿರಿ. ಹಾಡಿನ ಸುಕ್ರಿ ಬೊಮ್ಮಗೌಡರದೂ ಗಿಡ ನೆಟ್ಟ ತುಳಸಿ ಗೌಡರದೂ ಅದೇ ಉಡುಗೆಯಾಗಿತ್ತು. ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆಯಲು ಹೋದದ್ದೂ ಬರಿಗಾಲಲ್ಲಿ, ಆ ಉಡುಗೆಯಲ್ಲೇ. ಬಸುರಿಗೂ ಬಾಣಂತಿಗೂ ಮುದುಕಿಗೂ ಅದೇ ಸೀರೆ ಆಗುತ್ತದೆ. ಹಾಗೆಂದು ಹುಡುಗಿಯರು ಸೀರೆಯನ್ನೇ ಉಡಬೇಕೆಂದು ನಾನು ಹೇಳುವವನಲ್ಲ. ಸೈಕಲ್ಲು ತುಳಿಯುವವಳಿಗೆ, ಬಸ್ಸಿಗೆ ಓಡುವವಳಿಗೆ ಪ್ಯಾಂಟಿನ ಅನುಕೂಲವೇ ಬೇರೆ.

ತೊಡಕು ಬಂದುದು ಸಿದ್ಧ ಉಡುಪಿನಿಂದ. ಮೈ ಕಾಣದೆ ಬಟ್ಟೆ ಕತ್ತರಿಸಬೇಕಾದಾಗ ಒಂದು ಅಂಕೆ ಬೇಕು. ಆ ಅಂಕೆ ಎಲ್ಲಿಂದ ಬಂದಿತು? ಅಮೆರಿಕದ ಕೃಷಿ ಇಲಾಖೆ 1939 ಮತ್ತು 1940ರಲ್ಲಿ ಸುಮಾರು 15,000 ಹೆಂಗಸರ ಮೈಯಳತೆ ತೆಗೆಸಿ 1941ರಲ್ಲಿ ಪ್ರಕಟಿಸಿತು. ಬಿಳಿಯರಲ್ಲದವರನ್ನು ಅಳೆದರೂ ಅವರ ಅಳತೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಈ ಆಧಾರದ ಮೇಲೆ 1958ರಲ್ಲಿ ಒಂದು ಮಾನಕ ಬಂದಿತು. ಅದು ಅಲ್ಲಿಯವರಿಗೇ ಹೊಂದದೆ 1983ರಲ್ಲಿ ರದ್ದಾಯಿತು. ಆಮೇಲೆ ಕಂಪನಿಗೊಂದು ಅಳತೆ. ಒಬ್ಬನ 30 ಇನ್ನೊಬ್ಬನ 28. ನಮ್ಮ ದೇಶದ ತಯಾರಕರು ಬಹುಕಾಲ ಇಂಥ ಪರದೇಶದ ಪಟ್ಟಿಗಳನ್ನೇ ತಿದ್ದಿಕೊಂಡು ನಡೆದರು. ಭಾರತೀಯರ ಅಳತೆಗಾಗಿ 25,000 ಜನರನ್ನು ಆರು ನಗರಗಳಲ್ಲಿ ಅಳೆಯುವ ಯೋಜನೆಯನ್ನು ಜವಳಿ ಸಚಿವಾಲಯವೂ ನಿಫ್ಟ್ ಸಂಸ್ಥೆಯೂ ಪ್ರಕಟಿಸಿದ್ದು 2018ರ ಸುಮಾರಿಗೆ. ಆರರಲ್ಲಿ ನಮಗೆ ಹತ್ತಿರದ್ದು ಬೆಂಗಳೂರು. ಕರಾವಳಿಯ ಊರು ಮುಂಬಯಿವರೆಗೆ ಒಂದೂ ಇಲ್ಲ.

ಅಂಗಡಿಯ ಕನ್ನಡಿಯ ಮುಂದೆ ನಿಂತ ಕದ್ವಾಡದ ಹುಡುಗಿಗೆ ಈ ಚರಿತ್ರೆಯನ್ನು ಯಾರೂ ಹೇಳಿರುವುದಿಲ್ಲ. ಪ್ಯಾಂಟಿನ ಒಳಪಟ್ಟಿಯ ಮೇಲಿನ ಅಂಕೆಯನ್ನು ಅವಳು ಪರೀಕ್ಷೆಯ ಅಂಕದಂತೆ ಓದುತ್ತಾಳೆ.

ದರ್ಜಿಗೂ ಸಿದ್ಧ ಉಡುಪಿಗೂ ಗಂಟು ಹಾಕುವ ಪ್ರಯತ್ನವೊಂದು ನಡೆದದ್ದುಂಟು. 1995ರಲ್ಲಿ ಅಹಮದಾಬಾದಿನ ಅರವಿಂದ್ ಮಿಲ್ಸಿನವರು ರಫ್ ಅಂಡ್ ಟಫ್ ಎಂಬ ಹೆಸರಿನಲ್ಲಿ ಡೆನಿಮ್ ಬಟ್ಟೆ, ಜಿಪ್ಪು, ರಿವೆಟ್ ಎಲ್ಲವನ್ನೂ ಒಂದು ಕಟ್ಟಿನಲ್ಲಿಟ್ಟು ಮಾರಿದರು. ಹೊಲಿಸುವುದು ಊರಿನ ದರ್ಜಿಯ ಬಳಿ. ನಮ್ಮ ಬಳ್ಳಾರಿ ಇಂದು ಜೀನ್ಸ್ ಹೊಲಿಗೆಗೆ ಹೆಸರಾಗಿದೆ. ಆದರೆ ಅಲ್ಲಿ ಹೊಲಿಯುವುದೂ ಅಂಕೆಗೇ, ಮೈಗಲ್ಲ.

ಪೇಟೆಯ ದರ್ಜಿಯೊಬ್ಬರು ಅಂದು ನಮಗೆ ತಿಳಿಸಿದ ಕ್ರಮ ಹೀಗೆ. ಮೊದಲು ಅಳೆಯಬೇಕಾದುದು ಸೊಂಟವನ್ನಲ್ಲ, ಹಿಂಭಾಗದ ಅತಿ ಅಗಲವಾದ ಸುತ್ತಳತೆಯನ್ನು. ಅಲ್ಲಿಗೂ ತೊಡೆಗೂ ಸರಿಯಾದ ಪ್ಯಾಂಟನ್ನು ಆರಿಸಬೇಕು. ಸೊಂಟ ಸಡಿಲವಾದರೆ ಹಿಂದಿನ ನಡುಹೊಲಿಗೆ ಬಿಚ್ಚಿ ಒಳಗೆ ಹಿಡಿಯಬಹುದು. ತೊಡೆಯಲ್ಲಿ ಬಿಗಿಯಾದುದಕ್ಕೆ ಬಿಡಲು ಒಳಗೆ ಬಟ್ಟೆಯೇ ಇರುವುದಿಲ್ಲ. ನಿಂತು ನೋಡಿದರೆ ಸಾಲದು, ಕುಕ್ಕರಗಾಲಲ್ಲಿ ಕುಳಿತು ನೋಡಬೇಕು. ಉದ್ದವನ್ನು ಒಂದು ಸಲ ಒಗೆದ ಮೇಲೆ ಕತ್ತರಿಸಬೇಕು, ಹತ್ತಿ ಕುಗ್ಗುತ್ತದೆ. ಎಳೆದರೆ ಹಿಗ್ಗುವ ಬಟ್ಟೆ ದಿನಗಳೆದಂತೆ ಸಡಿಲಾಗುವುದರಿಂದ ಅದನ್ನು ಕೊಳ್ಳುವಾಗ ತುಸು ಬಿಗಿಯಿದ್ದರೂ ನಡೆದೀತು.

ನಾವು ಅಂಗಡಿಗೆ ಮರಳಿ, ತೊಡೆಗೆ ಸರಿಯಾಗಿದ್ದ ಮೂರನೆಯ ಪ್ಯಾಂಟನ್ನೇ ಕೊಂಡೆವು. ದರ್ಜಿ ಅವಳಿಗೆ ಅಂಕೆ ಎಷ್ಟೆಂದು ಕೇಳಲಿಲ್ಲ. ಟೇಪು ಹಿಡಿದು ಒಂದೂವರೆ ಅಂಗುಲ ಗುರುತು ಹಾಕಿದರು. ಮುಂದಿನ ಭಾನುವಾರ ತಂದು ಹಾಕಿಕೊಂಡಳು. ಹಿಂದಿನ ಜೇಬುಗಳು ತುಸು ಹತ್ತಿರ ಬಂದಿವೆ ಎಂದು ಅವಳ ತಾಯಿ ಹೇಳುತ್ತಾಳೆ, ನನಗೇನೂ ಕಾಣಲಿಲ್ಲ.