ವಿನ್ಯಾಸ ಚಿಂತನೆ: ತೊಗರಿ ಬೆಳೆಗಾರರ ಉದ್ಯಮ ಸಮಸ್ಯೆಗಳಿಗೆ ಹಂತ ಹಂತದ ಪರಿಹಾರ ಕ್ರಮ

ಪೀಠಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳಲ್ಲಿ ತೊಗರಿ, ಸೋಯಾ ಅವರೆ, ಉದ್ದು, ಹೆಸರು, ಕಡಲೆ, ಜೋಳ ಮತ್ತು ಕಬ್ಬು ಪ್ರಮುಖ ಬೆಳೆಗಳು. ಬೆಳೆದದ್ದನ್ನು ಕಾಳಿನ ರೂಪದಲ್ಲೇ ಮಾರದೆ ಸಂಸ್ಕರಿಸಿ ಮಾರಬೇಕೆಂಬ ಆಸಕ್ತಿ ರೈತ ಉತ್ಪಾದಕ ಕಂಪನಿಗಳಲ್ಲಿಯೂ ಸ್ವಸಹಾಯ ಸಂಘಗಳಲ್ಲಿಯೂ ಕಂಡುಬರುತ್ತದೆ. ಆದರೆ ಚರ್ಚೆ ಬಹುತೇಕ ಯಂತ್ರದಿಂದಲೇ ಆರಂಭವಾಗುತ್ತದೆ. ಯಾವ ಗಿರಣಿ, ಎಷ್ಟು ಸಾಮರ್ಥ್ಯ, ಎಷ್ಟು ಸಹಾಯಧನ ಎಂಬುದು ಮೊದಲು ನಿರ್ಧಾರವಾಗಿ, ಬೇಳೆಯನ್ನು ಕೊಳ್ಳುವವರು ಯಾರು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ಗಿರಣಿ ತಿರುಗಲಿ, ನಿಲ್ಲಲಿ, ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಈ ನಷ್ಟವನ್ನು ಹಣ ತೊಡಗಿಸುವ ಮೊದಲೇ ತಪ್ಪಿಸಲು ವಿನ್ಯಾಸ ಚಿಂತನೆ ಎಂಬ ಕ್ರಮ ನೆರವಾಗುತ್ತದೆ.

ವಿನ್ಯಾಸ ಚಿಂತನೆ ಎಂದರೇನು?

ಸಮಸ್ಯೆಯನ್ನು ಅನುಭವಿಸುವವರ ಕಡೆಯಿಂದ ಅರಿತು, ಪರಿಹಾರವನ್ನು ಕಡಿಮೆ ಖರ್ಚಿನಲ್ಲಿ ಸಣ್ಣದಾಗಿ ಪ್ರಯೋಗಿಸಿ, ಫಲಿತಾಂಶ ನೋಡಿ ತಿದ್ದಿಕೊಳ್ಳುವ ಕ್ರಮವೇ ವಿನ್ಯಾಸ ಚಿಂತನೆ. ಇದಕ್ಕೆ ಡಿಸೈನ್ ಥಿಂಕಿಂಗ್ ಎಂಬ ಹೆಸರೂ ರೂಢಿಯಲ್ಲಿದೆ. ಹರ್ಬರ್ಟ್ ಸೈಮನ್ ಅವರು 1969ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಚಾರಕ್ಕೆ ತಳಹದಿ ಒದಗಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು ಇದನ್ನು ಐದು ಹಂತಗಳಲ್ಲಿ ಬೋಧಿಸಿತು: ಅರಿಯುವುದು, ಸಮಸ್ಯೆಯನ್ನು ನಿರೂಪಿಸುವುದು, ಪರ್ಯಾಯಗಳನ್ನು ಯೋಚಿಸುವುದು, ಮಾದರಿ ತಯಾರಿಸುವುದು, ಪರೀಕ್ಷಿಸುವುದು. ಹಂತಗಳು ಒಂದೇ ದಿಕ್ಕಿನಲ್ಲಿ ಸಾಗಬೇಕೆಂದಿಲ್ಲ. ಪರೀಕ್ಷೆಯಲ್ಲಿ ಕಂಡ ಸಂಗತಿಯು ಮತ್ತೆ ಮೊದಲ ಹಂತಕ್ಕೆ ಕರೆದೊಯ್ಯಬಹುದು.

ಜಿಲ್ಲೆಯದೇ ಉದಾಹರಣೆ: ನಾಟಿ ತೊಗರಿ

ಬೀದರ್ ಜಿಲ್ಲೆಯ ರೈತರು ಮತ್ತು ಬೀದರ್ ಕೃಷಿ ವಿಜ್ಞಾನ ಕೇಂದ್ರದ ಪ್ರಯತ್ನದಿಂದ ಪ್ರಚಾರಕ್ಕೆ ಬಂದ ನಾಟಿ ತೊಗರಿ ಪದ್ಧತಿಯು ವಿನ್ಯಾಸ ಚಿಂತನೆ ಎಂಬ ಹೆಸರಿನಲ್ಲಿ ರೂಪುಗೊಂಡದ್ದಲ್ಲ. ಆದರೂ ಪ್ರಶ್ನೆಯನ್ನು ಬದಲಿಸಿದರೆ ಪರಿಹಾರವೂ ಬದಲಾಗುತ್ತದೆ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಮುಂಗಾರು ತಡವಾದರೆ ಬಿತ್ತನೆಯೂ ತಡವಾಗುತ್ತದೆ. ಬೆಳೆಯ ಅವಧಿ ಕಡಿಮೆಯಾಗಿ, ಹೂವಾಡುವ ಮತ್ತು ಕಾಯಿಕಟ್ಟುವ ಕಾಲಕ್ಕೆ ಭೂಮಿಯಲ್ಲಿ ತೇವಾಂಶ ಉಳಿದಿರುವುದಿಲ್ಲ. ಮಳೆ ಬೇಗ ಬರುವಂತೆ ಮಾಡಲು ಸಾಧ್ಯವಿಲ್ಲ. ಆದರೆ ಮಳೆ ಬರುವ ಹೊತ್ತಿಗೆ ಸಸಿಗೆ ನಾಲ್ಕೈದು ವಾರ ವಯಸ್ಸಾಗಿರುವಂತೆ ಮಾಡಬಹುದೇ? ಪ್ರಶ್ನೆಯನ್ನು ಹೀಗೆ ಕೇಳಿದಾಗ, ಮೆಣಸಿನಕಾಯಿ ಮತ್ತು ಟೊಮೆಟೊ ಬೆಳೆಗಾರರಿಗೆ ಪರಿಚಿತವಾದ ಸಸಿಮಡಿಯ ವಿಧಾನವೇ ತೊಗರಿಗೂ ಒದಗುತ್ತದೆ.

ಪದ್ಧತಿಯ ಮುಖ್ಯಾಂಶಗಳು:

• ಮೇ ತಿಂಗಳಲ್ಲಿ 6×4 ಇಂಚಿನ ಪಾಲಿಥಿನ್ ಚೀಲಗಳಿಗೆ ಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಿ, ಬೀಜೋಪಚಾರ ಮಾಡಿದ ಬೀಜವನ್ನು ಚೀಲಕ್ಕೆ ಎರಡರಂತೆ ಊರಬೇಕು. ನೀರು ಬಸಿಯಲು ಚೀಲಕ್ಕೆ ರಂಧ್ರಗಳಿರಬೇಕು.
• ಹದವಾದ ಮಳೆಯ ನಂತರ 4 ರಿಂದ 5 ವಾರದ ಸಸಿಗಳನ್ನು, ಬೇರಿಗೆ ಪೆಟ್ಟಾಗದಂತೆ ಚೀಲ ತೆಗೆದು ನಾಟಿ ಮಾಡಬೇಕು.
• 5×3 ಅಡಿ ಅಂತರದಲ್ಲಿ ಎಕರೆಗೆ 2,904 ಸಸಿಗಳು ಬೇಕಾಗುತ್ತವೆ. ಇದಕ್ಕೆ ಸುಮಾರು 600 ಗ್ರಾಂ ಬೀಜ ಸಾಕು. ಕೂರಿಗೆ ಬಿತ್ತನೆಗಾದರೆ ಎಕರೆಗೆ ಸುಮಾರು 5 ಕಿ.ಗ್ರಾಂ ಬೀಜ ಬೇಕು.
• ನಾಟಿಯಾದ 20 ರಿಂದ 25 ದಿನಗಳಲ್ಲಿ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಹೆಚ್ಚುತ್ತವೆ.

ಈ ಪದ್ಧತಿಗೂ ಮಿತಿಗಳಿವೆ. ಮೇ ತಿಂಗಳಲ್ಲಿ ಸಸಿಗಳಿಗೆ ನೀರು ಬೇಕು, ಚೀಲ ತುಂಬಲು ಮತ್ತು ನಾಟಿಗೆ ಕೂಲಿ ಆಳುಗಳು ಬೇಕು, ನೀರು ನಿಲ್ಲುವ ಕಪ್ಪು ಭೂಮಿಗೆ ಬಸಿಗಾಲುವೆ ಅಗತ್ಯ. ಆದ್ದರಿಂದ ಮೊದಲ ವರ್ಷ ಇಡೀ ಹೊಲಕ್ಕೆ ಕೈಹಾಕದೆ 5 ಗುಂಟೆಯಲ್ಲಿ ಸುಮಾರು 365 ಸಸಿ ನಾಟಿ ಮಾಡಿ, ಪಕ್ಕದ ಕೂರಿಗೆ ಬಿತ್ತನೆಯೊಂದಿಗೆ ಖರ್ಚು ಮತ್ತು ಇಳುವರಿಯನ್ನು ಹೋಲಿಸುವುದು ಸೂಕ್ತ. ವಿನ್ಯಾಸ ಚಿಂತನೆಯಲ್ಲಿ ಮಾದರಿ ಎನ್ನುವುದು ಇಂತಹ ಪ್ರಯೋಗವನ್ನೇ.

ತೊಗರಿ ಬೇಳೆ ಉದ್ಯಮಕ್ಕೆ ಐದು ಹಂತಗಳ ಅನ್ವಯ

ಒಂದು ರೈತರ ಗುಂಪು ಬೇಳೆ ಗಿರಣಿ ಸ್ಥಾಪಿಸಲು ಯೋಚಿಸುತ್ತಿದೆ ಎಂದು ಭಾವಿಸೋಣ.

1. ಅರಿಯುವುದು

ಬೇಳೆ ಕೊಳ್ಳುವವರನ್ನು ಅವರಿರುವ ಸ್ಥಳದಲ್ಲಿಯೇ ಭೇಟಿ ಮಾಡಬೇಕು. ಹುಮನಾಬಾದ್ ಪಟ್ಟಣವು ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯಲ್ಲಿದೆ. ಹೆದ್ದಾರಿಯ ಧಾಬಾಗಳು ಮತ್ತು ಖಾನಾವಳಿಗಳಲ್ಲಿ ಅಡುಗೆಯವರನ್ನು ಕಾಣಬೇಕು. ಬಸವಕಲ್ಯಾಣಕ್ಕೆ ವರ್ಷವಿಡೀ ಯಾತ್ರಿಕರು ಬರುವುದರಿಂದ ದಾಸೋಹ ನಡೆಸುವವರನ್ನೂ ವಿಚಾರಿಸಬೇಕು. ಕಿರಾಣಿ ಅಂಗಡಿಯವರು, ಅಡತಿ ವ್ಯಾಪಾರಿಗಳು, ಮನೆಯಲ್ಲಿ ಅಡುಗೆ ಮಾಡುವ ಮಹಿಳೆಯರು, ಹಾಗೆಯೇ ತೊಗರಿ ಕೊಡಬೇಕಾದ ಸದಸ್ಯರು ಎಲ್ಲರ ಮಾತನ್ನೂ ಕೇಳಬೇಕು.

ನಮ್ಮ ಬೇಳೆ ಕೊಳ್ಳುವಿರಾ ಎಂದು ಕೇಳಿದರೆ ಸೌಜನ್ಯಕ್ಕಾದರೂ ಹೌದು ಎಂಬ ಉತ್ತರ ಬರುತ್ತದೆ. ಅದರ ಬದಲು, ಕಳೆದ ತಿಂಗಳು ಎಷ್ಟು ಬೇಳೆ ಕೊಂಡಿರಿ, ಯಾರಿಂದ, ಯಾವ ದರಕ್ಕೆ, ನಗದೋ ಉದ್ದರಿಯೋ, ಯಾವ ಬೇಳೆಯನ್ನು ಹಿಂದಿರುಗಿಸಿದಿರಿ, ಏಕೆ ಎಂದು ಕೇಳಬೇಕು. ಬೇಯುವ ಸಮಯ, ಬಣ್ಣ, ಎಣ್ಣೆ ಲೇಪನ, ನುಚ್ಚಿನ ಪ್ರಮಾಣ ಇವುಗಳಲ್ಲಿ ಯಾವುದಕ್ಕೆ ಅವರು ಹಣ ಕೊಡುತ್ತಾರೆ ಎಂಬುದು ಆಗ ತಿಳಿಯುತ್ತದೆ.

2. ಸಮಸ್ಯೆಯನ್ನು ನಿರೂಪಿಸುವುದು

ನಮಗೆ ಗಿರಣಿ ಇಲ್ಲ ಎಂಬುದು ಸಮಸ್ಯೆಯ ನಿರೂಪಣೆಯಲ್ಲ. ಅದು ಮೊದಲೇ ಆರಿಸಿಕೊಂಡ ಪರಿಹಾರ. ತೊಗರಿ ರಾಶಿಯಾಗುವುದು ಡಿಸೆಂಬರ್–ಜನವರಿಯಲ್ಲಿ. ಬೆಳೆ ಸಾಲ, ಕೂಲಿ, ಮನೆಯ ಖರ್ಚಿಗೆ ಸಣ್ಣ ಹಿಡುವಳಿದಾರರಿಗೆ ಹಣ ಬೇಕಾಗುವುದೂ ಆಗಲೇ. ಬೇಳೆಯ ಹಣ ಕೈಸೇರಲು ತಿಂಗಳುಗಳೇ ಬೇಕು. ಆದ್ದರಿಂದ ಸಮಸ್ಯೆಯನ್ನು ಹೀಗೆ ಬರೆಯಬಹುದು: ರಾಶಿಯ ಸಮಯದಲ್ಲೇ ಹಣ ಬೇಕಾದ ಸದಸ್ಯರು ಬೇಳೆಯ ಲಾಭದಲ್ಲಿಯೂ ಪಾಲು ಪಡೆಯುವುದು ಹೇಗೆ? ಕ್ವಿಂಟಲ್‌ಗೆ 7,000 ರೂ. ದರವೆಂದು ಹಿಡಿದರೂ 100 ಕ್ವಿಂಟಲ್ ಖರೀದಿಗೆ 7 ಲಕ್ಷ ರೂ. ದುಡಿಯುವ ಬಂಡವಾಳ ಬೇಕು. ಈ ಹಣವಿಲ್ಲದ ಗುಂಪಿಗೆ ಗಿರಣಿ ಬಂದರೂ ಒಡೆಯಲು ತೊಗರಿ ಬರುವುದಿಲ್ಲ.

3. ಪರ್ಯಾಯಗಳನ್ನು ಯೋಚಿಸುವುದು

ಕನಿಷ್ಠ ಐದಾರು ದಾರಿಗಳನ್ನು ಪಟ್ಟಿ ಮಾಡುವವರೆಗೆ ಯಾವುದನ್ನೂ ತಳ್ಳಿಹಾಕಬಾರದು. ಉದಾಹರಣೆಗೆ: ಇರುವ ಗಿರಣಿಯಲ್ಲಿ ಬಾಡಿಗೆಗೆ ಒಡೆಸುವುದು; ಶುಚಿಗೊಳಿಸಿ ವರ್ಗೀಕರಿಸಿದ ಕಾಳನ್ನು ಒಟ್ಟಾಗಿ ಮಾರುವುದು; ಗೋದಾಮಿನಲ್ಲಿಟ್ಟು ಅಡಮಾನ ಸಾಲ ಪಡೆಯುವುದು; ಸದಸ್ಯರಿಗೆ ಮುಕ್ಕಾಲು ಹಣ ಮೊದಲು, ಉಳಿದದ್ದು ಮಾರಾಟದ ನಂತರ ಕೊಡುವುದು; ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ರೂಪಿಸಿದ ಮಾದರಿಯ ಕಿರು ಬೇಳೆ ಗಿರಣಿ ಸ್ಥಾಪಿಸುವುದು.

4. ಮಾದರಿ ತಯಾರಿಸುವುದು

ಯಂತ್ರ ಕೊಳ್ಳುವ ಮೊದಲು 2 ಕ್ವಿಂಟಲ್ ತೊಗರಿಯನ್ನು ಬಾಡಿಗೆ ಗಿರಣಿಯಲ್ಲಿ ಒಡೆಸಬೇಕು. ಆಹಾರ ಸುರಕ್ಷತಾ ನೋಂದಣಿ ಪಡೆದು, ತೂಕ, ದರ, ಪ್ಯಾಕ್ ಮಾಡಿದ ದಿನಾಂಕ ಮುದ್ರಿಸಿದ ಅರ್ಧ ಮತ್ತು ಒಂದು ಕಿ.ಗ್ರಾಂ ಪೊಟ್ಟಣಗಳನ್ನು ಮಾಡಿ ನಿಜವಾದ ದರಕ್ಕೆ ಮಾರಬೇಕು. ಉಚಿತವಾಗಿ ಹಂಚಿದ ಬೇಳೆಯಿಂದ ಮಾರುಕಟ್ಟೆಯ ಅರಿವು ದೊರೆಯುವುದಿಲ್ಲ.

5. ಪರೀಕ್ಷಿಸುವುದು

ಪ್ರತಿ ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ ಬಂತು ಎಂಬುದನ್ನು ತೂಗಿ ಬರೆಯಬೇಕು. ಲೆಕ್ಕದ ಅನುಕೂಲಕ್ಕಾಗಿ ತೊಗರಿಗೆ 7,000 ರೂ., ಒಡೆಸುವ ಕೂಲಿ ಮತ್ತು ಸಾಗಣೆಗೆ 500 ರೂ., ಪೊಟ್ಟಣಕ್ಕೆ 350 ರೂ. ಎಂದು ಹಿಡಿದು, ಹೊಟ್ಟು ಮತ್ತು ನುಚ್ಚಿನಿಂದ 500 ರೂ. ಬರುತ್ತದೆ ಎಂದುಕೊಂಡರೆ ನಿವ್ವಳ ವೆಚ್ಚ 7,350 ರೂ. ಆಗುತ್ತದೆ. ಆಗ ಒಂದು ಕಿ.ಗ್ರಾಂ ಬೇಳೆಯ ಅಸಲು ಹೀಗಿರುತ್ತದೆ:

• 65 ಕಿ.ಗ್ರಾಂ ಬೇಳೆ ಬಂದರೆ: 113 ರೂ.
• 70 ಕಿ.ಗ್ರಾಂ ಬೇಳೆ ಬಂದರೆ: 105 ರೂ.
• 75 ಕಿ.ಗ್ರಾಂ ಬೇಳೆ ಬಂದರೆ: 98 ರೂ.

ಐದು ಕಿ.ಗ್ರಾಂ ವ್ಯತ್ಯಾಸಕ್ಕೆ ಅಸಲು 7–8 ರೂ. ಬದಲಾಗುತ್ತದೆ. ಲಾಭ–ನಷ್ಟವನ್ನು ನಿರ್ಧರಿಸುವ ಅಂತರ ಇದೇ ಆಗಿರಬಹುದು. ತಮ್ಮ ಗುಂಪಿನ ನೈಜ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಮತ್ತೆ ಮಾಡಬೇಕು. ಎರಡನೆಯ ಬಾರಿ ಅದೇ ಗ್ರಾಹಕರು ತಾವಾಗಿಯೇ ಕೇಳಿ ಕೊಂಡರೇ ಎಂಬುದು ಮೊದಲ ಮಾರಾಟಕ್ಕಿಂತ ಮುಖ್ಯವಾದ ಪರೀಕ್ಷೆ.

ಸಹಾಯಧನದ ಬಗ್ಗೆ

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಲ್ಲಿ ಕೇಂದ್ರ ಸರ್ಕಾರವು ವೈಯಕ್ತಿಕ ಘಟಕಗಳಿಗೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂ. ಸಹಾಯಧನವನ್ನು ಬ್ಯಾಂಕ್ ಸಾಲಕ್ಕೆ ಜೋಡಿಸಿ ನೀಡುವಂತೆ ನಿಗದಿಪಡಿಸಿತು. ಸಹಾಯಧನ ದೊರೆತರೂ ಉಳಿದ ಹಣ ಸಾಲವೇ. ಮಾದರಿಯ ಲೆಕ್ಕ ಕೈಯಲ್ಲಿದ್ದರೆ ಯೋಜನಾ ವರದಿಯ ಅಂಕಿಗಳು ಊಹೆಯಾಗಿ ಉಳಿಯುವುದಿಲ್ಲ. ಅರ್ಜಿ ಸಲ್ಲಿಸುವ ಮುನ್ನ ಚಾಲ್ತಿಯಲ್ಲಿರುವ ನಿಯಮಗಳನ್ನು ಕೃಷಿ ಇಲಾಖೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಒಂದು ಗುಂಪಿನಲ್ಲಿ 6 ರಿಂದ 8 ಜನರಿರಲಿ. ಮಹಿಳೆಯರು ಮತ್ತು ಸಣ್ಣ ಹಿಡುವಳಿದಾರರು ಕಡ್ಡಾಯವಾಗಿ ಇರಲಿ.
• ಅಭಿಪ್ರಾಯಗಳನ್ನು ಮೊದಲು ಚೀಟಿಯಲ್ಲಿ ಪಡೆದು ನಂತರ ಚರ್ಚಿಸಬೇಕು. ಇಲ್ಲವಾದರೆ ಹಿರಿಯರು ಮೊದಲು ಆಡಿದ ಮಾತೇ ತೀರ್ಮಾನವಾಗುತ್ತದೆ. ಬರೆಯಲು ಬಾರದವರ ಅಭಿಪ್ರಾಯವನ್ನು ಪ್ರತ್ಯೇಕವಾಗಿ ಕೇಳಿ ಬರೆದುಕೊಳ್ಳಬೇಕು.
• ಗಡಿ ಭಾಗದಲ್ಲಿ ಕನ್ನಡದೊಡನೆ ಮರಾಠಿ, ಉರ್ದು, ತೆಲುಗು ಬಳಕೆಯಲ್ಲಿವೆ. ರೈತರು ಮತ್ತು ಗ್ರಾಹಕರು ಆಡಿದ ಮಾತನ್ನು ಅವರದೇ ಶಬ್ದಗಳಲ್ಲಿ ದಾಖಲಿಸಬೇಕು.
• ಪ್ರಯೋಗಕ್ಕೆ ಮುನ್ನವೇ ಎಷ್ಟು ನಷ್ಟವಾದರೆ ನಿಲ್ಲಿಸಬೇಕು ಎಂಬುದನ್ನು ಬರೆದಿಡಬೇಕು.

ಎಚ್ಚರಿಕೆ

ಎಲ್ಲ ಸಮಸ್ಯೆಗಳಿಗೂ ಈ ಕ್ರಮ ಅನ್ವಯಿಸುವುದಿಲ್ಲ. ತೊಗರಿಯ ನೆಟೆ ರೋಗ, ಗೊಡ್ಡು ರೋಗ, ಕಾಯಿಕೊರಕದ ಹತೋಟಿಗೆ ವಿಶ್ವವಿದ್ಯಾಲಯದ ಶಿಫಾರಸುಗಳು ಲಭ್ಯವಿವೆ, ಅವುಗಳನ್ನೇ ಪಾಲಿಸಬೇಕು. ಕೀಟನಾಶಕದ ಪ್ರಮಾಣದಲ್ಲಿ ಸ್ವಂತ ಪ್ರಯೋಗ ಸಲ್ಲದು. ಉತ್ತರ ಯಾರಿಗೂ ಖಚಿತವಾಗಿ ತಿಳಿಯದಿರುವ, ಜನರ ಅಭ್ಯಾಸ ಮತ್ತು ಅಗತ್ಯವನ್ನು ಅವಲಂಬಿಸಿರುವ ಪ್ರಶ್ನೆಗಳಿಗೆ ವಿನ್ಯಾಸ ಚಿಂತನೆ ಸೂಕ್ತ. ಪ್ರಯೋಗದಲ್ಲಿ ಬೇಳೆ ಮಾರಾಟವಾಗದಿದ್ದರೆ ಅದನ್ನೂ ಫಲಿತಾಂಶವೆಂದೇ ಪರಿಗಣಿಸಬೇಕು. 2 ಕ್ವಿಂಟಲ್‌ನಲ್ಲಿ ತಿಳಿದುಕೊಂಡ ಸತ್ಯವು ಲಕ್ಷಾಂತರ ರೂಪಾಯಿಗಳ ಸಾಲವನ್ನು ತಪ್ಪಿಸಬಲ್ಲದು.

ನಾಟಿ ತೊಗರಿ ಹಾಗೂ ಸಂಸ್ಕರಣೆ ಕುರಿತ ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಬೀದರ್ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.