ಬಲೆಯ ಗುಟ್ಟು ಇರುವುದು ಅದರ ಕಣ್ಣಿನಲ್ಲಿ

ಬಲೆ ಎಂದೊಡನೆ ನಮಗೆ ಮೊದಲು ನೆನಪಾಗುವುದು ಮೀನು. ಆದರೆ ದಿನನಿತ್ಯ ನಾವು ಬಳಸುವ ಬಲೆಗಳನ್ನು ಒಮ್ಮೆ ಎಣಿಸಿ ನೋಡಿ. ಚಹಾ ಸೋಸುವ ಜಾಲರಿ, ಈರುಳ್ಳಿಯ ಕೆಂಪು ಚೀಲ, ಬಾಲ್ಕನಿಗೆ ಕಟ್ಟಿದ ಪಾರಿವಾಳದ ಬಲೆ, ನರ್ಸರಿಯ ಹಸಿರು ನೆರಳು ಪರದೆ, ಮಲಗುವಾಗ ಕಟ್ಟುವ ಸೊಳ್ಳೆ ಪರದೆ. ಇವೆಲ್ಲವೂ ಮಾಡುವುದು ಒಂದೇ ಕೆಲಸ: ಒಂದನ್ನು ತಡೆದು, ಇನ್ನೊಂದನ್ನು ಬಿಡುವುದು. ಯಾವುದು ನಿಲ್ಲಬೇಕು, ಯಾವುದು ದಾಟಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಬಲೆಯ ತೂತು, ಅಂದರೆ ಬಲೆಯ ಕಣ್ಣು.

ಮೀನಿನ ಬಲೆ

ಇದು ಬಹಳ ಹಳೆಯ ತಿಳಿವಳಿಕೆ. ಆಗ ಫಿನ್ಲೆಂಡಿಗೆ ಸೇರಿದ್ದ ಆಂತ್ರೆಯಾ ಎಂಬಲ್ಲಿ 1913ರಲ್ಲಿ ಸಿಕ್ಕ ಮೀನುಬಲೆ ಸುಮಾರು 10,000 ವರ್ಷ ಹಳೆಯದು. ಮರದ ನಾರಿನಿಂದ ಹೆಣೆದ ಆ ಬಲೆಯ ಕಣ್ಣು ಸುಮಾರು 6 ಸೆಂ.ಮೀ. ದೊಡ್ಡ ಮೀನು ಸಿಕ್ಕಿಬೀಳುತ್ತಿತ್ತು, ಮರಿ ತಪ್ಪಿಸಿಕೊಳ್ಳುತ್ತಿತ್ತು.

ಇಂದಿನ ಟ್ರಾಲ್ ದೋಣಿಗಳ ಬಲೆಯಲ್ಲಿ ಕಣ್ಣಿನ ಆಕಾರವೂ ಮುಖ್ಯ. ವಜ್ರಾಕಾರದ ಕಣ್ಣು ಬಲೆ ಎಳೆದಾಗ ಮುಚ್ಚಿಕೊಳ್ಳುತ್ತದೆ, ಮರಿಗಳಿಗೆ ದಾರಿ ಇರುವುದಿಲ್ಲ. ಚೌಕದ ಕಣ್ಣು ಎಳೆದಾಗಲೂ ತೆರೆದೇ ಇರುತ್ತದೆ. ಆದ್ದರಿಂದಲೇ ಮೀನುಗಾರಿಕಾ ವಿಜ್ಞಾನಿಗಳು ಬಲೆಯ ಕೊನೆಯ ಚೀಲಕ್ಕೆ ಚೌಕದ ಕಣ್ಣನ್ನು ಸೂಚಿಸುತ್ತಾರೆ. ಇಂದು ಮರಿಗಳನ್ನೆಲ್ಲ ಬಾಚಿದರೆ ಮುಂದಿನ ವರ್ಷ ಹಿಡಿಯಲು ಮೀನು ಉಳಿಯುವುದಿಲ್ಲ.

ತೋಟ ಮತ್ತು ಅಡುಗೆಮನೆ

ಶೇ 50ರ ನೆರಳು ಪರದೆ ಎಂದರೆ ಅದು ಸುಮಾರು ಅರ್ಧದಷ್ಟು ಬೆಳಕನ್ನು ತಡೆಯುತ್ತದೆ ಎಂದರ್ಥ. ಕೀಟ ತಡೆಯುವ ಪರದೆಯ ಮೇಲಿನ '40 ಮೆಷ್' ಎಂಬುದು ಒಂದು ಅಂಗುಲ ಉದ್ದದಲ್ಲಿರುವ ಕಣ್ಣುಗಳ ಲೆಕ್ಕ. ಸಂಖ್ಯೆ ಹೆಚ್ಚಿದಷ್ಟೂ ಕಣ್ಣು ಕಿರಿದಾಗುತ್ತದೆ. ಆದರೆ ಗಾಳಿಯಾಟವೂ ಕಡಿಮೆಯಾಗುತ್ತದೆ.

ಮೈಕ್ರೋವೇವ್ ಓವನ್ನಿನ ಬಾಗಿಲಲ್ಲೂ ಲೋಹದ ಬಲೆಯಿದೆ. ಗಾಜಿನಿಂದ ಬೆಳಕು ಬರುವುದಾದರೆ ಅಪಾಯಕಾರಿ ಅಲೆಗಳೂ ಬರುತ್ತವೆ ಎಂದು ಹಲವರು ಹೆದರುತ್ತಾರೆ. ಆದರೆ ಅಲ್ಲಿನ ಮೈಕ್ರೋವೇವ್ ಅಲೆಯ ಉದ್ದ ಸುಮಾರು 12 ಸೆಂ.ಮೀ. ಕೆಲವೇ ಮಿಲಿಮೀಟರಿನ ಕಣ್ಣುಗಳಿಂದ ಅದು ಹೊರಬರಲಾರದು. ಬೆಳಕಿನ ಅಲೆ ತೀರಾ ಚಿಕ್ಕದು, ಸುಲಭವಾಗಿ ದಾಟುತ್ತದೆ. ಬಾಗಿಲು ಒಡೆದಿದ್ದರೆ ಅಥವಾ ಸರಿಯಾಗಿ ಮುಚ್ಚದಿದ್ದರೆ ಮಾತ್ರ ಬಳಸಬೇಡಿ.

ಜೀವ ಉಳಿಸುವ ಪರದೆ

ಸೊಳ್ಳೆ ಪರದೆಯಲ್ಲಿ ಸಾಮಾನ್ಯವಾಗಿ ಒಂದು ಚದರ ಅಂಗುಲಕ್ಕೆ 156 ಕಣ್ಣುಗಳಿರುತ್ತವೆ. ಗಾಳಿ ಬರುತ್ತದೆ, ಸೊಳ್ಳೆ ಬರುವುದಿಲ್ಲ. ಆದರೆ ನಿದ್ದೆಯಲ್ಲಿ ಕೈ ಪರದೆಗೆ ತಾಗಿದರೆ ಸೊಳ್ಳೆ ಹೊರಗಿನಿಂದಲೇ ಕಚ್ಚುತ್ತದೆ. ಕೀಟನಾಶಕ ಲೇಪಿತ ಪರದೆ ನೆರವಾಗುವುದು ಇಲ್ಲೇ: ಅದರ ದಾರದ ಮೇಲೆ ಕೂತ ಸೊಳ್ಳೆ ಸಾಯುತ್ತದೆ ಅಥವಾ ದೂರ ಸರಿಯುತ್ತದೆ. 2015ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, 2000ದಿಂದ 2015ರವರೆಗೆ ನಿಯಂತ್ರಣ ಕ್ರಮಗಳಿಂದ ಆಫ್ರಿಕಾದಲ್ಲಿ ಸುಮಾರು 66 ಕೋಟಿ ಮಲೇರಿಯಾ ಪ್ರಕರಣಗಳು ತಪ್ಪಿದವು. ಅದರಲ್ಲಿ ಶೇ 68ರಷ್ಟು ಇಂಥ ಪರದೆಗಳ ಕೊಡುಗೆ.

ಮೂರು ತಪ್ಪು ಕಲ್ಪನೆಗಳು

"ಲೇಪಿತ ಪರದೆ ಮಕ್ಕಳಿಗೆ ವಿಷ." ಅಲ್ಲ. ಶಿಶುಗಳಿಗೆ, ಗರ್ಭಿಣಿಯರಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಇದನ್ನು ಶಿಫಾರಸು ಮಾಡುತ್ತದೆ. ಹೊಸ ಪರದೆಯನ್ನು ಒಂದು ದಿನ ನೆರಳಲ್ಲಿ ಗಾಳಿಗೆ ಹರಡಿ, ನಂತರ ಬಳಸಿ.

"ಆಗಾಗ ತೊಳೆದು ಬಿಸಿಲಿಗೆ ಹಾಕಬೇಕು." ಬೇಡ. ಪದೇ ಪದೇ ತೊಳೆದರೆ ಮತ್ತು ಬಿಸಿಲಿಗೆ ಒಡ್ಡಿದರೆ ಕೀಟನಾಶಕದ ಶಕ್ತಿ ಕುಂದುತ್ತದೆ. ಸೌಮ್ಯ ಸಾಬೂನಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

"ಡೆಂಗಿ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಪರದೆಯಿಂದ ಉಪಯೋಗವಿಲ್ಲ." ಹಗಲು ಮಲಗುವ ಕೂಸುಗಳಿಗೆ, ವೃದ್ಧರಿಗೆ ಉಪಯೋಗವಿದೆ. ಡೆಂಗಿ ರೋಗಿಯನ್ನೂ ಪರದೆಯೊಳಗೆ ಮಲಗಿಸಿ. ರೋಗಿಯನ್ನು ಕಚ್ಚಿದ ಸೊಳ್ಳೆಯೇ ಮನೆಯ ಇತರರಿಗೆ ರೋಗ ಹರಡುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಆಫ್ರಿಕಾದ ಕೆಲವು ಸರೋವರ ತೀರಗಳಲ್ಲಿ ಸೊಳ್ಳೆ ಪರದೆಯಿಂದಲೇ ಮೀನು ಹಿಡಿಯುವುದುಂಟು. ಅಷ್ಟು ಸಣ್ಣ ಕಣ್ಣಿನಿಂದ ಮರಿಯೂ ಪಾರಾಗದು. ಪರದೆಯಲ್ಲಿರುವ ಪೈರೆಥ್ರಾಯ್ಡ್ ಕೀಟನಾಶಕವೂ ಮೀನಿಗೆ ಮಾರಕ. ಆದ್ದರಿಂದ ಪರದೆಯನ್ನು ಕೆರೆ, ಹೊಳೆಯಲ್ಲಿ ತೊಳೆಯಬೇಡಿ. ಇಂದು ರಾತ್ರಿ ಮಲಗುವ ಮುನ್ನ ನಿಮ್ಮ ಪರದೆಯನ್ನು ದೀಪದ ಬೆಳಕಿಗೆ ಹಿಡಿದು ನೋಡಿ. ಹರಿದಿದ್ದರೆ ಹೊಲಿಯಿರಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ.